ಕಟ್ಟಿದ ಕೈ ಬಿಚ್ಚಿದಾಗ

ನನಗೆ ಲಕ್ವಾ ಹೊಡೆದದ್ದು ಯಾವ ಹೊತ್ತಿನಲ್ಲಿ ಎಂಬುದು ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಹೊಲದಲ್ಲಿ ಕುಸಿದವರನ್ನು ಯಾರಾದರೂ ನೋಡಿರುತ್ತಾರೆ. ಊಟಕ್ಕೆ ಕುಳಿತಾಗ ಕೈಯಿಂದ ರೊಟ್ಟಿ ಜಾರಿದವನ ಎದುರಿಗೆ ಹೆಂಡತಿ ಇರುತ್ತಾಳೆ. ನನಗೆ ಹೊಡೆದದ್ದು ಬೆಳಗಾವಿಯ ಒಂದು ದವಾಖಾನೆಯ ಐಸಿಯುನಲ್ಲಿ. ಸುತ್ತಲೂ ಯಂತ್ರಗಳಿದ್ದವು, ಸಿಸ್ಟರುಗಳಿದ್ದರು, ಡಾಕ್ಟರು ಬಂದು ಹೋಗುತ್ತಿದ್ದರು. ಆದರೂ ಅದು ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಆಗ ನನಗೆ ನಿದ್ದೆಯ ಔಷಧ ಕೊಟ್ಟು ಮಲಗಿಸಿದ್ದರು.

ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಅವರು ನನ್ನ ಜೀವ ಉಳಿಸಿದವರು. ಆದರೆ ಹಾಗೆ ಮಲಗಿಕೊಂಡು, ಎಲ್ಲ ಕೇಳಿಸುತ್ತಾ, ಒಂದು ಮಾತೂ ಹೊರಡದೆ ಸೂರು ನೋಡುತ್ತಿರುವವರು ಇವತ್ತೂ ಎಲ್ಲೋ ಇರುತ್ತಾರೆ. ಅವರ ಮನೆಯವರು ಹೊರಗೆ ಜಮಖಾನೆಯ ಮೇಲೆ ಕುಳಿತಿರುತ್ತಾರೆ. ಅವರಿಗಾಗಿ ಬರೆದಿದ್ದೇನೆ. ಎಡಗೈಯಿಂದ ಬರೆದದ್ದು. ದಾರಿ ತಪ್ಪಿದ ಶಬ್ದಗಳನ್ನು ನನ್ನ ಮಗಳು ಸುಜಾತಾ ತಿದ್ದಿದ್ದಾಳೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಬೈಲಹೊಂಗಲ ಡಿಪೋದಲ್ಲಿ ಬಸ್ ಕಂಡಕ್ಟರ್. ಮನೆ ನೇಸರಗಿಯಲ್ಲಿ. ಹೆಂಡತಿ, ಸಾಲಿಗೆ ಹೋಗುವ ಮಗಳು, ಇಷ್ಟೇ ಸಂಸಾರ. ಬೈಲಹೊಂಗಲದಿಂದ ದೊಡವಾಡದ ಮೇಲೆ ಧಾರವಾಡಕ್ಕೆ ಹೋಗುವ ಗಾಡಿಯಲ್ಲಿ ನನ್ನ ಡ್ಯೂಟಿ. ಅರ್ಧ ಜೀವನ ಆ ಗಾಡಿಯ ಬಾಗಿಲಲ್ಲಿ ನಿಂತು ಕೂಗಿದ್ದೇನೆ. ನನ್ನ ದನಿ ಕೇಳಿ ಹೊಟೇಲಿನಲ್ಲಿ ಚಹಾ ಅರ್ಧಕ್ಕೆ ಬಿಟ್ಟು ಜನ ಓಡಿ ಬರುತ್ತಿದ್ದರು.

ಒಂದು ಮುಂಜಾನೆ ಟಿಕೆಟ್ ಹರಿಯುತ್ತಿದ್ದಾಗ ಎದೆಯ ಮೇಲೆ ಯಾರೋ ಜೋಳದ ಚೀಲ ಇಟ್ಟ ಹಾಗಾಯಿತು. ಮೈಯೆಲ್ಲ ಬೆವರು. ಡ್ರೈವರ್ ಗಾಡಿ ತಿರುಗಿಸಿ ಬೈಲಹೊಂಗಲದ ದವಾಖಾನೆಗೆ ಒಯ್ದ. ಅಲ್ಲಿಂದ ಬೆಳಗಾವಿಗೆ. ಹಾರ್ಟ್ ಅಟ್ಯಾಕ್ ಎಂದರು. ಮರುದಿನ ಉಸಿರು ಸಾಲದಾಯಿತು. ಮಲಗಿದರೆ ಕೆರೆಯಲ್ಲಿ ಮುಳುಗಿದ ಹಾಗೆ. ಎದೆಯೊಳಗೆ ನೀರು ತುಂಬಿಕೊಂಡಿದೆ, ಬಾಯೊಳಗಿಂದ ನಳಿಗೆ ಹಾಕಿ ನಾಲ್ಕು ದಿನ ಮಷಿನ್‌ನಿಂದ ಉಸಿರು ಕೊಡಬೇಕು ಎಂದು ದೊಡ್ಡ ಡಾಕ್ಟರು ಹೇಳಿದರು.

ನಳಿಗೆ ಹಾಕುವ ಮೊದಲು ಹೆಂಡತಿಯನ್ನು ಒಳಗೆ ಬಿಟ್ಟರು. ನಾನು ಏನಾದರೂ ಹೇಳಬಹುದೆಂದು ಅವಳು ಬಾಗಿ ನಿಂತಳು. ನಾನು ಏದುತ್ತ ಅಂದೆ, "ನನ್ನ ಟಿಕೆಟ್ ರೊಕ್ಕದ ಚೀಲಾ ಡಿಪೋಕ್ಕ ಮುಟ್ಟಸಾಕ ಹೇಳು."

ಬಾಯಿಗೆ ಬಂದ ಹಾಗೆ, ಹುಡುಕದೆ, ತಡವರಿಸದೆ ನಾನು ಆಡಿದ ಕೊನೆಯ ಮಾತು ಅದು. ಮೊದಲೇ ಗೊತ್ತಿದ್ದರೆ ಬೇರೆ ಏನಾದರೂ ಆಡುತ್ತಿದ್ದೆ.

ಎಚ್ಚರ ಎನ್ನುವುದು ಒಮ್ಮೆಗೇ ಬರಲಿಲ್ಲ. ಬಾವಿಯಿಂದ ಕೊಡ ಮೇಲೆ ಬಂದ ಹಾಗೆ, ಅಲ್ಲಲ್ಲಿ ಬಡಿದುಕೊಳ್ಳುತ್ತಾ ಬಂತು. ಟ್ಯೂಬ್‌ಲೈಟು. ಹಸಿರು ಪರದೆ. ಆ ಕೋಣೆಗೆ ಕಿಟಕಿಯಿಲ್ಲ, ಹಗಲಿಲ್ಲ, ಇರುಳಿಲ್ಲ. ಪಕ್ಕದಲ್ಲಿ ಯಾವುದೋ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಅದು ನನ್ನ ಎದೆ ಎಂದು ತಿಳಿಯಲು ಬಹಳ ಹೊತ್ತು ಹಿಡಿಯಿತು. ನಿದ್ದೆಗಣ್ಣಿನಲ್ಲಿ ನಳಿಗೆ ಕಿತ್ತುಕೊಳ್ಳಬಾರದೆಂದು ಎರಡೂ ಕೈಗಳನ್ನು ಮೆತ್ತನೆಯ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಎಲ್ಲರಿಗೂ ಹಾಗೆ ಕಟ್ಟುತ್ತಾರಂತೆ.

ನಳಿಗೆ ತೆಗೆದರು. ಮಾತಾಡಲು ನೋಡಿದೆ. ಗಾಳಿ ಬಂತು, ಮಾತು ಬರಲಿಲ್ಲ.

"ಗಂಟಲಾ ಕೆರದಿರತೈತ್ರಿ. ಒಂದೆರಡ ದಿನಾ ದನಿ ಹೊಂಡೂದಿಲ್ಲ. ಅಂಜಬ್ಯಾಡ್ರಿ," ಎಂದಳು ಸಿಸ್ಟರು. ನಾನೂ ನಂಬಿದೆ. ಕೈ ಅಲುಗಾಡುತ್ತಿರಲಿಲ್ಲ. ಕಟ್ಟಿದ್ದಾರಲ್ಲ, ಹೇಗೆ ಅಲುಗೀತು ಎಂದುಕೊಂಡೆ. ಎಡಗೈ ಎಳೆದರೆ ಬಟ್ಟೆ ಬಿಗಿಯುವುದು ಗೊತ್ತಾಗುತ್ತಿತ್ತು. ಬಲಗೈಯಲ್ಲಿ ಅದೂ ಗೊತ್ತಾಗಲಿಲ್ಲ. ಆ ವ್ಯತ್ಯಾಸ ನನ್ನ ಮನಸ್ಸಿಗೆ ಹತ್ತಲಿಲ್ಲ.

ಸಂಜೆ ಮುಂದೆ ಹೆಂಡತಿಯನ್ನು ಬಿಟ್ಟರು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು, ಗುಡಿಗೆ ಬಂದವಳ ಹಾಗೆ ಬಂದಳು. ನನಗೆ ಇಡೀ ಮೈ ನಗುವಷ್ಟು ಸಂತೋಷವಾಯಿತು. ನಕ್ಕೆ. ಅವಳೂ ನಗಲಿಕ್ಕೆ ಹೊರಟವಳು ಅರ್ಧಕ್ಕೆ ನಿಂತಳು. ಬೆರಳು ಚಾಚಿ ನನ್ನ ಬಾಯಿಯ ಬಲಗಡೆಯ ಕೊನೆ ಮುಟ್ಟಿದಳು. ಅಲ್ಲಿ ಜೊಲ್ಲು ಸುರಿಯುತ್ತಿತ್ತಂತೆ. ಅವಳ ಬೆರಳು ತಾಗಿದ್ದು ನನಗೆ ಸರಿಯಾಗಿ ತಿಳಿಯಲೇ ಇಲ್ಲ.

"ಬಾಯಿ ಒಂದ್ ಕಡೆ ಜಗ್ಗೇತ್ರಿ," ಎಂದಳು ಸಿಸ್ಟರಿಗೆ.

"ನಳಿಗಿಗೆ ಪಟ್ಟಿ ಹಚ್ಚಿದ್ವಲ್ಲಾ, ಅದರ ಬಾವು ಇರಬೇಕರಿ. ಆದ್ರೂ ತಡೀರಿ, ಡಾಕ್ಟರಿಗೆ ಹೇಳತೇನಿ." ಹೇಳಿ ಸುಮ್ಮನಾಗಲಿಲ್ಲ, ತಕ್ಷಣ ಕರೆದುಕೊಂಡು ಬಂದಳು. ಡ್ಯೂಟಿಯಲ್ಲಿದ್ದವರು ಮರಾಠಿ ಮನೆತನದ ಹರೆಯದ ಡಾಕ್ಟರಮ್ಮ. ನನ್ನ ಮುಖ ನೋಡಿದವರೇ ಎರಡೂ ಕೈಯ ಕಟ್ಟು ಬಿಚ್ಚಿದರು.

"ಕಾಕಾ, ಎರಡೂ ಕೈ ಮ್ಯಾಲ ಎತ್ರಿ ನೋಡೂಣು."

ಎತ್ತಿದೆ. ಎರಡೂ ಎತ್ತಿದೆ ಎಂದೇ ನನ್ನ ತಿಳಿವಳಿಕೆ.

"ಬಲಗೈರಿ?"

ಅದನ್ನು ಕಟ್ಟಿದ್ದೀರಲ್ಲ ಎಂದು ಹೇಳಲು ಆ ಕಡೆ ತಿರುಗಿದೆ. ಕಟ್ಟಿದ ಬಟ್ಟೆ ಡಾಕ್ಟರಮ್ಮನ ಕೈಯಲ್ಲಿತ್ತು. ಹಾಸಿಗೆಯ ಮೇಲೆ ಒಂದು ಕೈ ಬಿದ್ದಿತ್ತು. ನನ್ನ ಉಂಗುರ ಅದರಲ್ಲಿತ್ತು. ಟಿಕೆಟ್ ಪಂಚ್ ಮಾಡಿ ಮಾಡಿ ಹೆಬ್ಬೆರಳಿಗೆ ಬಿದ್ದ ದಡ್ಡು ಅದರಲ್ಲಿತ್ತು. ಆದರೂ ಅದು ಯಾರದೋ ಕೈ. ಯಾರೋ ಪ್ರಯಾಣಿಕರು ಸೀಟಿನ ಮೇಲೆ ಮರೆತು ಇಳಿದುಹೋದ ಸಾಮಾನಿನ ಹಾಗೆ ಬಿದ್ದಿತ್ತು.

"ಇವರ ಯಾರ್ರಿ? ಹೇಳ್ರಿ," ಎಂದು ಡಾಕ್ಟರಮ್ಮ ನನ್ನ ಹೆಂಡತಿಯನ್ನು ತೋರಿಸಿದರು.

ಯಾರೆಂದು ಗೊತ್ತಿಲ್ಲವೇ ನನಗೆ? ಬಾಯಿ ತೆರೆದೆ.

"ದೊಡವಾಡ," ಎಂದೆ.

ಆಮೇಲೆ ಐಸಿಯುನಲ್ಲಿ ನಡೆದ ಓಡಾಟವನ್ನು ನಾನು ನೋಡುತ್ತಲೇ ಇದ್ದೆ. ಡಾಕ್ಟರಮ್ಮ ಒಬ್ಬೊಬ್ಬ ಸಿಸ್ಟರನ್ನೂ ಕರೆದು ಒಂದೇ ಪ್ರಶ್ನೆ ಕೇಳಿದರು: ಇವರು ಬಲಗೈ ಆಡಿಸಿದ್ದನ್ನು ಕೊನೆಗೆ ನೋಡಿದವರು ಯಾರು? ನಿದ್ದೆಯ ಔಷಧ ಶುರುವಾಗುವ ಮೊದಲು ನೋಡಿದ್ದೆ ಎಂದಳು ಒಬ್ಬಳು. ನಡುವೆ ಒಮ್ಮೆ ಕೆಮ್ಮಿದಾಗ ಎರಡೂ ಕೈ ಎಳೆದ ಹಾಗಿತ್ತು ಎಂದಳು ಇನ್ನೊಬ್ಬಳು, ಖಾತ್ರಿ ಇಲ್ಲದೆ. ನನ್ನ ಬದುಕಿನ ಅಷ್ಟು ದೊಡ್ಡ ಸಂಗತಿಗೆ ಒಬ್ಬ ಸಾಕ್ಷಿಯೂ ಇರಲಿಲ್ಲ. ಎಲ್ಲರೂ ಮಂಚದ ಸುತ್ತ ನಿಂತು ನನ್ನ ಬಗ್ಗೆ ಕೇಳುತ್ತಿದ್ದರು. ನಡುವೆ ಮಲಗಿದವನನ್ನು ಕೇಳಿ ಉಪಯೋಗವಿರಲಿಲ್ಲ.

ದೊಡ್ಡ ಡಾಕ್ಟರು ಬಂದರು. ನನ್ನ ಕಾಲ ಬಳಿಯೇ ನಿಂತು ಹೆಂಡತಿಗೆ ಹೇಳಿದರು, "ನೋಡವಾ, ಇವರ ಮೆದುಳಿಗೆ ಪೆಟ್ಟಾಗೇತಿ. ರಕ್ತದ ಗರಣಿ ಹೋಗಿ ಸಿಕ್ಕೇತೋ, ನರಾ ಒಡದು ರಕ್ತ ಸೋರೇತೋ, ಸ್ಕ್ಯಾನ್ ಮಾಡದ ತಿಳಿಯೂದಿಲ್ಲ. ಒಂದಕ್ಕ ಕೊಡೂ ಔಷಧ ಇನ್ನೊಂದಕ್ಕ ವಿಷ. ಸ್ಕ್ಯಾನ್ ಮಷಿನ್ ನಮ್ಮಲ್ಲಿಲ್ಲ. ಆ್ಯಂಬುಲೆನ್ಸದಾಗ ಒಯ್ಯಬೇಕು. ಎದಿ ಇನ್ನೂ ಹಸೀದೈತಿ. ದಾರಿಯೊಳಗ ಏನರ ಆದ್ರೂ ಆಗಬಹುದು."

"ಒಯ್ಯಲಿಲ್ಲಂದ್ರ?"

"ಕತ್ತಲಾಗ ಕೈಯಾಡಿಸಿದಂಗ."

ಅವಳು ನನ್ನ ಕಡೆ ನೋಡಿದಳು. ಮದುವೆಯಾದಂದಿನಿಂದ ಯಾವ ಮಾತಿಗೂ "ಇವರನ್ನ ಕೇಳಿ ಹೇಳತೇನಿ" ಎಂದವಳು. ಅಂದು ಕೇಳಲು ನಾನಿರಲಿಲ್ಲ. ಅವಳೂ ಒಬ್ಬಂಟಿಯಾದದ್ದು ಆ ಗಳಿಗೆಯಲ್ಲಿ ಎಂದು ಈಗ ಅನ್ನಿಸುತ್ತದೆ.

"ಒಯ್ರಿ," ಎಂದಳು. "ನಾನೂ ಗಾಡ್ಯಾಗ ಬರತೇನಿ."

ಡಾಕ್ಟರಮ್ಮ, ಆಕ್ಸಿಜನ್ ಸಿಲಿಂಡರು, ಹೆಂಡತಿ, ಎಲ್ಲರೂ ನನ್ನ ಜೊತೆ ಹೊರಟರು. ದವಾಖಾನೆಯ ಬಾಗಿಲಿಗೂ ಆ್ಯಂಬುಲೆನ್ಸಿಗೂ ನಡುವೆ ನಾಲ್ಕು ಮಾರು ಬಯಲು. ಅಲ್ಲಿ ಸಂಜೆಯ ಬಿಸಿಲು ಮುಖದ ಮೇಲೆ ಬಿತ್ತು. ಎಡಗೆನ್ನೆ ಬೆಚ್ಚಗಾಯಿತು. ಗಾಳಿಯಲ್ಲಿ ಎಲ್ಲೋ ಮೆಣಸಿನಕಾಯಿ ಭಜಿ ಕರಿಯುವ ವಾಸನೆ. ಸಾಯುವುದಾದರೆ ಇಲ್ಲಿ ಸಾಯಬಹುದು, ಒಳಗೆ ಬೇಡ ಎಂದುಕೊಂಡೆ. ಸಾಯಲಿಲ್ಲ.

ಸ್ಕ್ಯಾನಿನಲ್ಲಿ ಗರಣಿಯೇ ಎಂದು ಗೊತ್ತಾಯಿತು, ಮತ್ತೆ ಅದೇ ಐಸಿಯುಗೆ ತಂದರು. ಪೆಟ್ಟು ತಿಂದ ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತದ ಚೂರು ಮೆದುಳಿನ ಎಡಭಾಗಕ್ಕೆ ಹೋಗಿ ಕುಳಿತಿತ್ತು. ಕರಗಿಸುವ ಔಷಧಕ್ಕೆ ಹೊತ್ತು ಮೀರಿದೆ, ಈಗ ಕೊಟ್ಟರೆ ರಕ್ತ ಸೋರುವ ಅಪಾಯ ಎಂದರು. ಇನ್ನೊಂದು ಗರಣಿ ಹೋಗದ ಹಾಗೆ ನೋಡಿಕೊಳ್ಳುವುದು, ಬಿಪಿ ಒಮ್ಮೆಗೇ ಇಳಿಯದ ಹಾಗೆ ಕಾಯುವುದು, ಉಳಿದ ಮೆದುಳನ್ನು ಕಾಪಾಡುವುದು, ಇದೇ ಚಿಕಿತ್ಸೆ. ಅಂದರೆ ಕಾಯುವುದು.

ಬಾಯಿಂದ ನೀರು ಕೊಡುವಂತಿರಲಿಲ್ಲ. ನುಂಗುವ ಶಕ್ತಿ ಹೋಗಿದೆಯೋ ಇದೆಯೋ ತಿಳಿಯುವವರೆಗೆ ಒಂದು ಹನಿಯೂ ಇಲ್ಲ, ಶ್ವಾಸಕೋಶಕ್ಕೆ ಇಳಿದೀತು ಎಂದರು. ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ. ಹೊಟ್ಟೆ ತುಂಬುತ್ತಿತ್ತು, ಬಾಯಿ ಬಣಬಣ. ನೀರು ಎಂಬ ಶಬ್ದವೂ ಇಲ್ಲ, ನೀರೂ ಇಲ್ಲ. ಕೇಳಲು ಹೋದರೆ ಒಂದೇ ಮಾತು ಹೊರಡುತ್ತಿತ್ತು: "ದೊಡವಾಡ." ನೋವೆಂದರೆ ದೊಡವಾಡ. ಚಳಿಯೆಂದರೆ ದೊಡವಾಡ. ನನ್ನ ಮಗಳು ಎಲ್ಲಿ ಎಂದು ಕೇಳಿದರೂ ದೊಡವಾಡ. ಒಳಗೆ ಸರಿಯಾಗಿಯೇ ಇರುತ್ತಿತ್ತು, ಬಾಗಿಲಿಗೆ ಬರುವಷ್ಟರಲ್ಲಿ ಅದೇ ಊರು. ಸಿಸ್ಟರು ಪಾಪ, "ಕಾಕಾಗ ಊರಿಗೆ ಹೋಗೂದೈತಿ, ಆರಾಮ ಆಗ್ಲಿ, ಕಳಸ್ತೇವರಿ ದೊಡವಾಡಕ್ಕ," ಎಂದು ಸಮಾಧಾನ ಹೇಳುತ್ತಿದ್ದಳು. ಹೆಂಡತಿ ಒಮ್ಮೆ ಕೇಳಿ, "ಯವ್ವಾ, ನಮ್ಮೂರು ನೇಸರಗಿರಿ," ಎಂದಳು. ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು, ನಗು ಅಳುವಾಯಿತು, ಹೊರಗೆ ಹೋದಳು.

ನಾನು ಅತ್ತರೆ ನೋವೆಂದು ತಿಳಿದು ಇಂಜೆಕ್ಷನ್ ಕೊಡುತ್ತಿದ್ದರು. ಹಾಗಾಗಿ ಅಳುವುದನ್ನು ಬಿಟ್ಟೆ. ಹೊತ್ತು ಹೊತ್ತಿಗೆ ಬಂದು ಕಣ್ಣಿಗೆ ಬ್ಯಾಟರಿ ಬಿಟ್ಟು, ಹೆಸರು ಹೇಳ್ರಿ, ಕೈ ಹಿಚುಕ್ರಿ, ಕಾಲ ಮಡಚ್ರಿ ಎನ್ನುತ್ತಿದ್ದರು. ಅದು ನನ್ನನ್ನು ಕಾಯುವ ರೀತಿ ಎಂದು ಆಗ ತಿಳಿಯಲಿಲ್ಲ. ದಿನವೂ ಅದೇ ಪರೀಕ್ಷೆ, ದಿನವೂ ನಾನು ನಪಾಸು ಎನ್ನಿಸುತ್ತಿತ್ತು. ಅವರಲ್ಲಿ ಒಬ್ಬ ಸಿಸ್ಟರು ಮಾತ್ರ ಪರೀಕ್ಷೆ ಮುಗಿದ ಮೇಲೆ ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ನನ್ನ ತುಟಿ ಒರೆಸಿ ಹೋಗುತ್ತಿದ್ದಳು. ಆ ಹತ್ತಿಯ ತಂಪಿಗಾಗಿ ನಾನು ಮುಂದಿನ ಪರೀಕ್ಷೆಯನ್ನು ಕಾಯುತ್ತಿದ್ದೆ.

ಹೊರಗೆ ಮನೆಯವರು ಕಾಯುವ ಹಾಲ್‌ನ ಕಥೆ ನನಗೆ ಆಮೇಲೆ ಗೊತ್ತಾದದ್ದು. ಯರಗಟ್ಟಿಯಿಂದ ನನ್ನ ಅಕ್ಕ ಶಿವಕ್ಕ ಬಂದಿದ್ದಳು. ಲಕ್ವಾ ಎಂದು ಕೇಳಿದ ಕೂಡಲೇ ಅವಳದು ಒಂದೇ ಹಟ.

"ಇಲ್ಲಿ ಮಲಗಿಸಿ ಏನ ಮಾಡ್ತೀ? ಪಾರಿವಾಳದ ರಕ್ತಾ ಹಚ್ಚಿ ತಿಕ್ಕತಾರ ಒಂದ್ ಊರಾಗ. ಎಷ್ಟ ಮಂದಿ ಎದ್ದ ಅಡ್ಡಾಡ್ಯಾರ. ಕರಕೊಂಡ ನಡಿ."

"ಎದಿ ನೆಟ್ಟಗಾಗೂ ಮಟಾ ಇವರನ್ನ ಅಲಗಾಡಸೂದಿಲ್ರಿ, ಅಕ್ಕಾರ."

"ನಾಳೆ ಕೈ ಬರಲಿಲ್ಲಂದ್ರ ನೀನ ಜವಾಬ್ದಾರಿ ಮತ್ತ."

"ಹೌದ್ರಿ, ನಾನ."

ಅಕ್ಕ ಸಿಟ್ಟಾಗಿ ಜಮಖಾನೆಯ ಆ ಕಡೆಯ ಕೊನೆಗೆ ಹೋಗಿ ಕುಳಿತಳಂತೆ. ಒಳಗಿನಿಂದ ಯಾರದಾದರೂ ಹೆಸರು ಕೂಗಿದರೆ ಹಾಲ್‌ನಲ್ಲಿದ್ದ ಎಲ್ಲ ಮನೆಯವರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ತಮ್ಮದಲ್ಲ ಎಂದು ತಿಳಿದ ಮೇಲೆ, ಬಿಡುಗಡೆಯ ಉಸಿರು ಬಿಟ್ಟಿದ್ದಕ್ಕೆ ನಾಚಿ, ಕರೆದವರ ಕಡೆ ನೋಡದೆ ಕುಳಿತುಕೊಳ್ಳುತ್ತಿದ್ದರು. ಹಾಗೆ ಒಮ್ಮೆ ಎದ್ದು ನಿಂತಾಗ ಅಕ್ಕ ಬಂದು ನನ್ನ ಹೆಂಡತಿಯ ಕೈ ಹಿಡಿದುಕೊಂಡಳು. ಆಮೇಲೆ ಪಾರಿವಾಳದ ಮಾತು ತೆಗೆಯಲಿಲ್ಲ.

ಮೊದಲ ಸಲ ಬಾಯಿಂದ ನುಂಗಿದ್ದು ಗಟ್ಟಿಯಾಗಿ ಕುದಿಸಿದ ನುಚ್ಚು. ಡಾಕ್ಟರಮ್ಮ ಪಕ್ಕದಲ್ಲೇ ನಿಂತು, "ಸಾವಕಾಶ, ಗದ್ದ ಕೆಳಗ ಮಾಡಿ ನುಂಗ್ರಿ," ಎಂದರು. ಇಳಿಯಿತು. ಕೆಮ್ಮು ಬರಲಿಲ್ಲ. ಮದುವೆಯ ಊಟವೂ ಅಷ್ಟು ರುಚಿ ಇರಲಿಲ್ಲ.

ಊರಿಗೆ ಬಂದೆ. ಅಲ್ಲಿ ಒಂಟಿತನ ಮುಗಿಯಿತು ಎಂದುಕೊಂಡಿದ್ದೆ. ಅದರ ದೊಡ್ಡ ಪಾಲು ಮನೆಯಲ್ಲೇ ಕಾದಿತ್ತು.

ನೋಡಲು ಬಂದವರೆಲ್ಲ ನನಗೆ ಕಿವಿ ಕೇಳುವುದಿಲ್ಲ ಎಂಬಂತೆ ಕೂಗಿ ಮಾತಾಡಿದರು. ಉತ್ತರ ಬರದಿದ್ದಾಗ ನನ್ನ ತಲೆಯ ಮೇಲಿಂದ ಹೆಂಡತಿಯ ಜೊತೆ ಮಾತಾಡಿದರು. "ತಿಳಿತೈತೇನ ಇವರಿಗೆ?" ಎಂದು ನನ್ನ ಎದುರಿಗೇ ಕೇಳಿದರು. ಡಿಪೋದ ಗೆಳೆಯರು ಮೊದಮೊದಲು ಬಂದರು, ಹಳೆಯ ತಮಾಷೆಗಳನ್ನೆಲ್ಲ ಹೇಳಿದರು. ನಾನು ಎದುರು ಮಾತು ಒಗೆಯದೆ ಇದ್ದಾಗ ತಮಾಷೆಗಳು ಅಲ್ಲಲ್ಲೇ ಸತ್ತವು. ಆಮೇಲೆ ಬರುವುದನ್ನು ಬಿಟ್ಟರು. ಅವರ ತಪ್ಪಲ್ಲ. ಉತ್ತರ ಕೊಡದವನ ಎದುರು ಬಹಳ ಹೊತ್ತು ಕುಳಿತುಕೊಳ್ಳುವುದು ಕಷ್ಟ.

ಮಗಳು ಸುಜಾತಾ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ. ಅವಳ ಅಪ್ಪನೆಂದರೆ ಮನೆಯ ತುಂಬ ಗದ್ದಲ. ಈ ಬಾಯಿ ಸೊಟ್ಟಗಾದವನು ಯಾರೋ. ಒಂದು ದಿನ ತಾಯಿ ಅವಳನ್ನು ಒಳಗೆ ದೂಡಿದಾಗ, "ಅಪ್ಪಾ, ನೀ ನಮ್ಮ ಅಪ್ಪನ ಹೌದಲ್ಲೋ?" ಎಂದು ಕೇಳಿದಳು. ಹೌದು ಎನ್ನುವ ಶಬ್ದವನ್ನು ಹುಡುಕಿದೆ. ಸಿಗಲಿಲ್ಲ. ತಲೆಯಾಡಿಸಿದೆ. ಅವಳು ನನ್ನ ಎಡಗೈಗೆ ಮೂಗು ಹಚ್ಚಿ ಮೂಸಿ ನೋಡಿ, ಪಕ್ಕದಲ್ಲಿ ಕುಳಿತಳು.

ಮಾತು ಕಲಿಸುವ ಕೆಲಸ ಹೆಂಡತಿ ಹಿಡಿದಳು. ದಿನಾ ಒಂದು ಸಾಮಾನು ತೋರಿಸಿ ಹೆಸರು ಹೇಳಿಸಿರಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ತಾಟು, ತಂಬಿಗೆ, ಚಾದರ. ಆಮೇಲೆ ಮನೆಯ ಮಂದಿಯ ಹೆಸರು. ಅಲ್ಲಿ ತೊಡಕಾಯಿತು. ಅವಳ ಹೆಸರು ನೀಲಗಂಗಾ. ನಾನು ಮೊದಲಿಂದಲೂ "ಏ" ಎಂದೇ ಕರೆದವನು. ಹೆಸರು ಹಿಡಿದು ಕರೆದದ್ದಿಲ್ಲ, ನಮ್ಮ ಕಡೆ ಯಾರೂ ಹಾಗೆ ಕರೆಯುವುದಿಲ್ಲ. ಈಗ ಅವಳು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು, ನಾಚಿಕೆಯಿಂದ ಕೆಂಪಾಗಿ, "ನೀ... ಲ... ಗಂಗಾ" ಎಂದು ತನ್ನ ಹೆಸರನ್ನು ತಾನೇ ನನ್ನ ಮುಂದೆ ಹೇಳಬೇಕಾಯಿತು. "ಯಾರರ ಕೇಳ್ಯಾರು, ಕದಾ ಮುಂದ ಮಾಡತೇನಿ ತಡೀರಿ," ಎಂದು ಬಾಗಿಲು ಹಾಕಿ ಬರುತ್ತಿದ್ದಳು. ದೀಪಾವಳಿಯ ಹೊತ್ತಿಗೆ ನನಗೆ "ನೀಲಾ" ಎನ್ನಲು ಬಂತು. ಪೂರ್ತಿ ಹೆಸರು ಇವತ್ತಿಗೂ ಒಂದೇ ಉಸಿರಿಗೆ ಬರುವುದಿಲ್ಲ. ಅಷ್ಟು ಸಾಕು ಎನ್ನುತ್ತಾಳೆ.

ಕಾಲು ಎಳೆಯುತ್ತಾ ನಡೆಯಲು ಬಂತು. ಬಲಗೈ ಸೊಂಟದ ಮಟ್ಟಕ್ಕೆ ಬಂದು ನಿಂತಿತು, ಬೆರಳು ಬಿಚ್ಚಲಿಲ್ಲ. ಕಂಡಕ್ಟರ್ ಕೆಲಸ ಆಗುವಂತಿರಲಿಲ್ಲ. ಡಿಪೋದಲ್ಲೇ ಕುಳಿತು ಮಾಡುವ ಕೆಲಸ ಕೊಡುತ್ತೇವೆ, ಇನ್ನಷ್ಟು ಸುಧಾರಿಸಲಿ ಎಂದರು. ಮನೆಯಲ್ಲಿ ಕುಳಿತೆ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಮರುವರ್ಷ ಒಂದು ದಿನ, ಒಬ್ಬನೇ ಯರಗಟ್ಟಿಗೆ ಅಕ್ಕನ ಮನೆಗೆ ಹೋಗಿ ಬರುತ್ತೇನೆಂದು ಸನ್ನೆ ಮಾಡಿದೆ. ನೀಲಾ ಬೇಡವೆಂದಳು, ಆಮೇಲೆ ನನ್ನ ಮುಖ ನೋಡಿ ಅಕ್ಕನ ಓಣಿಯ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ತಿಳಿಸಿದಳು. ಮನೆಯಲ್ಲಿ "ಯರಗಟ್ಟಿ, ಯರಗಟ್ಟಿ" ಎಂದು ಬಾಯಿಪಾಠ ಮಾಡಿಕೊಂಡೇ ಹೊರಟೆ. ಬೆಳಗಾವಿ ಕಡೆಯಿಂದ ರಾಮದುರ್ಗದ ಗಾಡಿ ಬಂತು. ಬೇರೆ ಡಿಪೋದ ಗಾಡಿ, ಗುರುತಿಲ್ಲದ ಕಂಡಕ್ಟರು. "ರಾಮದುರ್ಗ, ರಾಮದುರ್ಗ" ಎಂದು ಕೂಗುತ್ತಾ ಹತ್ತಿರ ಬಂದು, "ಎಲ್ಲಿಗ್ರಿ?" ಎಂದ.

ಅವನ ಕೂಗು ನನ್ನ ಕಿವಿಯಲ್ಲೇ ಇತ್ತು. "ರಾಮದುರ್ಗ," ಎಂದೆ.

ಹರಿದು ಕೊಟ್ಟ. ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಹಿಂದಿನ ಸೀಟಿನವರು ನೋಡುತ್ತಿದ್ದರು. ಎಷ್ಟೋ ಸಲ ನಾನೂ "ಲಗೂನ ಹೇಳ್ರಿ" ಎಂದು ಜನರನ್ನು ಅವಸರಿಸಿದವನು. ಬಾಯಿ ಮುಚ್ಚಿಕೊಂಡೆ. ಯರಗಟ್ಟಿ ಬಂತು. ಎದ್ದು ನಿಲ್ಲುವಷ್ಟರಲ್ಲಿ ಹತ್ತುವವರ ನೂಕುನುಗ್ಗಲು, ನನ್ನ ಕಾಲಿಗೆ ಅದನ್ನು ಸೀಳಿಕೊಂಡು ಹೋಗುವ ಶಕ್ತಿ ಇಲ್ಲ. ಗಾಡಿ ಬಿಟ್ಟಿತು. ಕಿಟಕಿಯಲ್ಲಿ ಅಕ್ಕನ ಊರು ಹಿಂದೆ ಹೋಯಿತು.

ರಾಮದುರ್ಗದ ಸ್ಟ್ಯಾಂಡಿನಲ್ಲಿ ಕಲ್ಲಿನ ಬೆಂಚಿನ ಮೇಲೆ ಕುಳಿತೆ. ಬೋರ್ಡು ಓದಲು ಹೋದರೆ ಅಕ್ಷರಗಳು ಒಂದಕ್ಕೊಂದು ಕೂಡಲಿಲ್ಲ. ಬಸ್ಸುಗಳ ನಡುವೆಯೇ ಬದುಕಿದವನಿಗೆ ಯಾವ ಬಸ್ಸು ಎಲ್ಲಿಗೆ ಎಂದು ತಿಳಿಯಲಿಲ್ಲ. ಜನ ಹತ್ತಿದರು, ಇಳಿದರು. ಐಸಿಯುನ ಸೂರು ನೆನಪಾಯಿತು. ಅಲ್ಲಿ ಕನಿಷ್ಠ ಯಾರಾದರೂ ಬಂದು ಹೆಸರು ಕೇಳುತ್ತಿದ್ದರು.

ಒಬ್ಬ ಮುದುಕಿ ಬಂದು ಬುಟ್ಟಿ ಇಳಿಸಿ ಪಕ್ಕದಲ್ಲಿ ಕುಳಿತಳು. ಕುಳಿತವಳೇ ಮಾತು ಶುರು ಮಾಡಿದಳು. ಮೊಮ್ಮಗಳ ಬಾಣಂತನಕ್ಕೆ ಯರಗಟ್ಟಿಗೆ ಹೊರಟಿದ್ದಾಳೆ. ಬೀಗರು ಜಿಪುಣರು. ಮೊಣಕಾಲು ಮಾತು ಕೇಳುವುದಿಲ್ಲ. ಎಮ್ಮೆ ಹಾಲು ಕಮ್ಮಿ ಮಾಡಿದೆ. ನಾನು ತಲೆಯಾಡಿಸುತ್ತಿದ್ದೆ, "ಹಾಂ" ಎನ್ನುತ್ತಿದ್ದೆ. ಅಷ್ಟು ದಿನಗಳ ನಂತರ ಒಬ್ಬರು ನನ್ನ ಜೊತೆ ದನಿ ಎತ್ತರಿಸದೆ, ಉತ್ತರಕ್ಕೆ ಕಾಯದೆ, ಕನಿಕರ ತೋರಿಸದೆ ಮಾತಾಡುತ್ತಿದ್ದರು.

"ಛಲೋ ಮನಷ್ಯಾ ಅದಿಯಪಾ," ಎಂದಳು ಕೊನೆಗೆ. "ನಡುವ ಬಾಯಿ ಹಾಕೂದಿಲ್ಲ. ನಮ್ಮನಿಯವಾ ಇದ್ದಾ, ಒಂದ್ ಮಾತ ಮುಗಸಾಕ ಬಿಡತಿದ್ದಿಲ್ಲ."

ಅವಳ ಗಾಡಿ ಬಂತು. ಎದ್ದೆ. ಎಡಗೈಯಿಂದ ಅವಳ ಬುಟ್ಟಿಯ ಒಂದು ಅಂಚು ಹಿಡಿದೆ, ಅವಳ ಹಿಂದೆಯೇ ಹತ್ತಿದೆ. ಕಂಡಕ್ಟರು ಬಂದಾಗ ಅವಳು "ಯರಗಟ್ಟಿ" ಎಂದಳು. ನಾನು ಅವಳನ್ನು ತೋರಿಸಿ, ನನ್ನನ್ನು ತೋರಿಸಿಕೊಂಡೆ. ಆಗ ಮುದುಕಿ ನನ್ನ ಬಲಗೈ ನೋಡಿದಳು, ಬಾಯಿ ನೋಡಿದಳು. "ಇವರದೂ ಯರಗಟ್ಟಿನ," ಎಂದು ಹೇಳಿ, ಎಮ್ಮೆಯ ಸುದ್ದಿ ಬಿಟ್ಟಲ್ಲಿಂದ ಮುಂದುವರಿಸಿದಳು.

ಯರಗಟ್ಟಿಯಲ್ಲಿ ಶಿವಕ್ಕ ಸ್ಟ್ಯಾಂಡಿನಲ್ಲೇ ನಿಂತಿದ್ದಳು. ಅತ್ತು ಅತ್ತು ಮುಖ ಬಾತಿತ್ತು. ಇಳಿಯುತ್ತಲೇ ನನ್ನ ಭುಜ ಹಿಡಿದು ಅಲುಗಿಸಿದಳು.

"ಎಲ್ಲಿಗೆ ಹೋಗಿದ್ಯೋ ತಮ್ಮಾ?"

"ರಾಮದುರ್ಗ."

"ಅಲ್ಲ್ಯಾಕ? ಅಲ್ಲಿ ಯಾರದಾರ?"

ಒಂದೊಂದೇ ಶಬ್ದವನ್ನು ಕೆಳಗಿನಿಂದ ಎತ್ತಿಕೊಂಡು ಬಂದೆ. ಅವಳು ಕಾದಳು. ಮೊದಲ ಸಲ ಯಾರೋ ಅಷ್ಟು ಹೊತ್ತು ಕಾದರು.

"ನನ್ನ... ಬಾಯಿ," ಎಂದೆ, "ನನ್ನ... ಒಯ್ತು."

ಅಕ್ಕ ನನ್ನ ಭುಜ ಬಿಟ್ಟಳು. ಆಮೇಲೆ ಸ್ಟ್ಯಾಂಡಿನ ನಡುವೆ, ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದಳು. ನಾನೂ ನಕ್ಕೆ, ಸೊಟ್ಟ ಬಾಯಿಯಲ್ಲೇ. ಜನ ನಿಂತು ನೋಡಿದರು. ಯಾರೂ ಕಲಿಸದೆ, ಯಾರ ಹಿಂದೆಯೂ ಹೇಳದೆ, ನಾನೇ ಜೋಡಿಸಿದ ಮೊದಲ ಮಾತು ಅದು. ಅದಕ್ಕೆ ಒಬ್ಬರು ನಕ್ಕಿದ್ದರು.

"ನಡಿ," ಎಂದಳು ಅಕ್ಕ, ಕಣ್ಣು ಒರೆಸಿಕೊಂಡು. "ನೀಲಗಂಗಾಗ ಫೋನ್ ಮಾಡೂಣು. ನೀನ ಮಾತಾಡು."